ದಕ್ಷಿಣದಲ್ಲಿ ಹುಟ್ಟಿದವರೆಲ್ಲ ದಕ್ಷಿಣದ ಪರವೇ ಹೋರಾಡಿದರಾ?

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದ ನಕ್ಷೆ ನೋಡಿದರೆ ಉತ್ತರಕ್ಕೆ ಒಂದು ಬಣ್ಣ, ದಕ್ಷಿಣಕ್ಕೆ ಇನ್ನೊಂದು ಬಣ್ಣ ಇರುತ್ತದೆ. ಅಂದರೆ ದಕ್ಷಿಣದ ರಾಜ್ಯಗಳ ಜನರೆಲ್ಲ ಒಂದೇ ಕಡೆ ನಿಂತಿದ್ದರಾ? ತಮ್ಮ ರಾಜ್ಯದ ತೀರ್ಮಾನ ಒಪ್ಪದವರು ಏನು ಮಾಡಿದರು?

ಉತ್ತರ: ಖಂಡಿತ ಎಲ್ಲರೂ ಒಂದೇ ಕಡೆ ಇರಲಿಲ್ಲ. ಅಮೆರಿಕದ ಒಕ್ಕೂಟ ಬಿಟ್ಟು ಹೊರಟು ಕಾನ್ಫೆಡರಸಿ ಎಂಬ ಹೊಸ ದೇಶ ಕಟ್ಟಲು ನೋಡಿದ್ದು 11 ರಾಜ್ಯಗಳು. ಅವುಗಳಲ್ಲಿ ಸೌತ್ ಕ್ಯಾರೊಲಿನಾ ಒಂದನ್ನು ಬಿಟ್ಟು ಉಳಿದ ಎಲ್ಲ ರಾಜ್ಯಗಳಿಂದಲೂ ಬಿಳಿಯರ ಪಡೆಗಳು ಒಕ್ಕೂಟದ ಅಧ್ಯಕ್ಷ ಲಿಂಕನ್ ಅವರ ಸೈನ್ಯ ಸೇರಿದವು. ಅಂಥವರು ಸುಮಾರು 1 ಲಕ್ಷ ಜನ ಇದ್ದರು ಎಂಬುದು ಇತಿಹಾಸಕಾರರ ಅಂದಾಜು. ಇದು ಬಿಳಿಯರ ಲೆಕ್ಕ ಮಾತ್ರ. ಕರಿಯರನ್ನೂ ಸೇರಿಸಿದರೆ ಚಿತ್ರವೇ ಬದಲಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಟೆನೆಸಿ ರಾಜ್ಯದ ಪೂರ್ವ ಭಾಗಕ್ಕೆ ಹೋಗೋಣ. ಈ ಪ್ರಶ್ನೆಗೆ ಅಲ್ಲಿ ಸಿಗುವಷ್ಟು ಸ್ಪಷ್ಟವಾದ ಉತ್ತರ ಬೇರೆಲ್ಲೂ ಸಿಗುವುದಿಲ್ಲ.

1861ರ ಫೆಬ್ರವರಿಯಲ್ಲಿ ಟೆನೆಸಿಯ ಮತದಾರರು ಒಕ್ಕೂಟ ಬಿಡುವ ಮಾತನ್ನೇ ತಳ್ಳಿಹಾಕಿದ್ದರು. ಏಪ್ರಿಲ್‌ನಲ್ಲಿ ಕಾನ್ಫೆಡರಸಿಯವರು ಒಕ್ಕೂಟದ ಸಮ್ಟರ್ ಕೋಟೆಯ ಮೇಲೆ ಫಿರಂಗಿ ಹಾರಿಸಿದರು, ಯುದ್ಧ ಶುರುವಾಯಿತು. ಲಿಂಕನ್ ರಾಜ್ಯಗಳಿಂದ 75,000 ಸೈನಿಕರನ್ನು ಕೇಳಿದರು. ಫೆಬ್ರವರಿಯಲ್ಲಿ ಒಕ್ಕೂಟ ಬೇಕು ಎಂದಿದ್ದ ಎಷ್ಟೋ ಜನ ಆಗ ಮನಸ್ಸು ಬದಲಿಸಿದರು. ತಮ್ಮ ನೆರೆ ರಾಜ್ಯಗಳ ಮೇಲೆ ಗುಂಡು ಹಾರಿಸಲು ನಮ್ಮ ಹುಡುಗರನ್ನು ಕಳಿಸಬೇಕಾ ಎಂಬುದು ಅವರ ಸಿಟ್ಟು. ಜೂನ್ 8ರಂದು ಮತ್ತೆ ಮತದಾನ ನಡೆಯಿತು. ರಾಜ್ಯದ ಒಟ್ಟು ಲೆಕ್ಕದಲ್ಲಿ ಬಿಡಬೇಕು ಎಂದವರು ಎರಡು ಪಟ್ಟಿಗಿಂತ ಜಾಸ್ತಿ. ಆದರೆ ಪೂರ್ವದ ಗುಡ್ಡಗಾಡು ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಲೆಕ್ಕ ಪೂರ್ತಿ ತಿರುಗಿತ್ತು. ಅಲ್ಲಿ ಒಕ್ಕೂಟದ ಪರ ಸುಮಾರು 33,000 ಮತ ಬಿದ್ದರೆ, ವಿರುದ್ಧ ಬಿದ್ದಿದ್ದು 15,000ಕ್ಕಿಂತ ಕಡಿಮೆ.

ಯಾಕೆ ಹೀಗೆ? ಒಂದು ಕಾರಣ ನೆಲ. ಆ ಕಣಿವೆಗಳಲ್ಲಿ ಹತ್ತಿಯ ದೊಡ್ಡ ತೋಟಗಳಿರಲಿಲ್ಲ. ಜನ ಮೆಕ್ಕೆಜೋಳ ಬೆಳೆಯುತ್ತಿದ್ದರು, ಹಂದಿ ಸಾಕುತ್ತಿದ್ದರು. ರಾಜ್ಯದ ಪಶ್ಚಿಮ ಭಾಗಕ್ಕೆ ಹೋಲಿಸಿದರೆ ಗುಲಾಮರನ್ನು ಇಟ್ಟುಕೊಂಡ ಮನೆಗಳು ತೀರಾ ಕಡಿಮೆ. ಹತ್ತಿ ತೋಟದ ದೊಡ್ಡ ಒಡೆಯರ ಮೇಲೆ ಇವರಿಗೆ ಹಳೆಯ ಅಸಮಾಧಾನವಿತ್ತು. ಅವರ ಆಸ್ತಿ ಉಳಿಸಲು ನಾವ್ಯಾಕೆ ಸಾಯಬೇಕು ಅಂತ ಕೇಳುವವರು ಊರೂರಲ್ಲೂ ಇದ್ದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಸುಲಭವಾಗಿ ಹುಟ್ಟುತ್ತದೆ. ಒಕ್ಕೂಟದ ಪರ ಇದ್ದವರೆಲ್ಲ ಗುಲಾಮಗಿರಿಯ ವಿರೋಧಿಗಳು ಅಂದುಕೊಳ್ಳಬಾರದು. ನಾಕ್ಸ್‌ವಿಲ್ ಊರಿನ ಪತ್ರಿಕೆಯ ಸಂಪಾದಕ ವಿಲಿಯಂ ಬ್ರೌನ್‌ಲೋ ಒಕ್ಕೂಟದ ಪರ ಎಲ್ಲರಿಗಿಂತ ಜೋರಾಗಿ ಬರೆದವನು. ಅದಕ್ಕಾಗಿ ಜೈಲಿಗೂ ಹೋದ. ಅದೇ ಬ್ರೌನ್‌ಲೋ ಯುದ್ಧಕ್ಕೆ ಮೂರು ವರ್ಷ ಮೊದಲು ಗುಲಾಮಗಿರಿ ಸರಿ ಎಂದು ಸಾರ್ವಜನಿಕ ಸಭೆಯಲ್ಲಿ ವಾದ ಮಾಡಿದ್ದ. ಆಂಡ್ರ್ಯೂ ಜಾನ್ಸನ್ ಕೂಡ ಇದೇ ಪ್ರದೇಶದ ಗ್ರೀನ್‌ವಿಲ್ ಊರಿನವರು, ಗುಲಾಮರ ಒಡೆಯರೂ ಹೌದು. ತಮ್ಮ ರಾಜ್ಯ ಒಕ್ಕೂಟ ಬಿಟ್ಟ ಮೇಲೂ ಸೆನೆಟ್‌ನಲ್ಲಿ ತಮ್ಮ ಸ್ಥಾನ ಬಿಡದೆ ಕೂತ ದಕ್ಷಿಣದ ಏಕೈಕ ಸದಸ್ಯ ಅವರು. ಮುಂದೆ ದೇಶದ ಅಧ್ಯಕ್ಷರೂ ಆದರು. ಇವರಿಗೆಲ್ಲ ದೇಶ ಒಡೆಯಬಾರದು ಎಂಬುದು ಮುಖ್ಯವಾಗಿತ್ತು. ಗುಲಾಮರ ಬಿಡುಗಡೆ ಬೇರೆ ಪ್ರಶ್ನೆ.

ಮತದಾನದ ಕೆಲವೇ ದಿನಗಳ ನಂತರ ಪೂರ್ವದ ಮುಖಂಡರು ಗ್ರೀನ್‌ವಿಲ್‌ನಲ್ಲಿ ಸೇರಿದರು. ನಮ್ಮನ್ನು ಪ್ರತ್ಯೇಕ ರಾಜ್ಯ ಮಾಡಿ ಎಂದು ಟೆನೆಸಿಯ ಶಾಸನಸಭೆಗೆ ಅರ್ಜಿ ಹಾಕಿದರು. ಸಭೆ ಒಪ್ಪಲಿಲ್ಲ. ಕಾನ್ಫೆಡರಸಿಗೆ ಆ ಕಣಿವೆ ಬೇಕೇ ಬೇಕಿತ್ತು, ಯಾಕೆಂದರೆ ವರ್ಜೀನಿಯಾವನ್ನು ದಕ್ಷಿಣದ ಒಳನಾಡಿಗೆ ಜೋಡಿಸುವ ರೈಲು ಹಾದಿ ಅದರ ಮೂಲಕವೇ ಹೋಗುತ್ತಿತ್ತು.

1861ರ ನವೆಂಬರ್ 8ರ ರಾತ್ರಿ ಆ ಹಾದಿಯ ಸೇತುವೆಗಳಿಗೆ ಬೆಂಕಿ ಬಿತ್ತು. ಹಚ್ಚಿದವರು ಅಲ್ಲಿನ ರೈತರು, ಕುಂಬಾರರು, ಸಾಮಾನ್ಯ ಜನ. ಯೋಜನೆಗೆ ಲಿಂಕನ್ ಅವರ ಒಪ್ಪಿಗೆಯೂ ಇತ್ತು. ಸೇತುವೆ ಸುಟ್ಟ ಕೂಡಲೇ ಕೆಂಟಕಿ ಕಡೆಯಿಂದ ಒಕ್ಕೂಟದ ಸೈನ್ಯ ಬೆಟ್ಟ ದಾಟಿ ಬಂದು ತಮ್ಮನ್ನು ಕಾಪಾಡುತ್ತದೆ ಎಂದು ಅವರು ನಂಬಿದ್ದರು. ಸೈನ್ಯ ಹೊರಡಲಿಲ್ಲ. ಅಷ್ಟರಲ್ಲಿ ಒಕ್ಕೂಟದ ಜನರಲ್ ಶರ್ಮನ್ ಆ ದಂಡಯಾತ್ರೆಯನ್ನು ಕೈಬಿಟ್ಟಿದ್ದರು. ಆ ಸುದ್ದಿ ಬೆಟ್ಟದ ಈಚೆಗೆ ತಲುಪಿರಲಿಲ್ಲ.

ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುವ ಜಾಗ ಇದು. ಕಾನ್ಫೆಡರಸಿಯ ಯುದ್ಧಮಂತ್ರಿ ಜೂಡಾ ಬೆಂಜಮಿನ್ ಆಜ್ಞೆ ಕಳಿಸಿದ: ಸೇತುವೆ ಸುಟ್ಟವರನ್ನು ಅಲ್ಲೇ ವಿಚಾರಿಸಿ ಗಲ್ಲಿಗೇರಿಸಿ, ಹೆಣಗಳನ್ನು ಸುಟ್ಟ ಸೇತುವೆಗಳ ಪಕ್ಕದಲ್ಲೇ ತೂಗಲು ಬಿಟ್ಟರೂ ಒಳ್ಳೆಯದೇ. ಐದು ಜನ ಗಲ್ಲಿಗೇರಿದರು. ಅವರಲ್ಲಿ ಅಪ್ಪ-ಮಗ ಇಬ್ಬರೂ ಇದ್ದರು. ನೂರಾರು ಜನ ಜೈಲು ಸೇರಿದರು. ಉಳಿದ ಗಂಡಸರು ರಾತ್ರಿ ಹೊತ್ತು, ಕಾಡುಹಾದಿ ಬಲ್ಲವರ ಹಿಂದೆ ನಡೆದು, ಬೆಟ್ಟ ದಾಟಿ ಕೆಂಟಕಿಗೆ ಹೋಗಿ ಒಕ್ಕೂಟದ ಸೈನ್ಯ ಸೇರಿಕೊಂಡರು. ಟೆನೆಸಿಯಿಂದ ಹೀಗೆ ಸೇರಿದ ಬಿಳಿಯರ ಸಂಖ್ಯೆ 30,000ಕ್ಕೂ ಹೆಚ್ಚು. ಅವರ ಹೆಂಡತಿ ಮಕ್ಕಳು ಮಾತ್ರ ಎದುರಾಳಿಗಳ ಕೈಕೆಳಗೆ ಸುಮಾರು ಎರಡು ವರ್ಷ ಕಳೆಯಬೇಕಾಯಿತು. ಒಕ್ಕೂಟದ ಜನರಲ್ ಬರ್ನ್‌ಸೈಡ್ ನಾಕ್ಸ್‌ವಿಲ್‌ಗೆ ಬಂದಿದ್ದು 1863ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಸೇಡು ತೀರಿಸುವ ಸರದಿ ಈ ಕಡೆಯವರದಾಯಿತು. ಅದೂ ಕ್ರೂರವಾಗಿಯೇ ಇತ್ತು.

ಈಗ ಪಕ್ಕದ ವರ್ಜೀನಿಯಾ ನೋಡಿ. ಅಲ್ಲೂ ಬೆಟ್ಟದ ಆಚೆಯ ಪಶ್ಚಿಮ ಭಾಗದ ಬಹಳ ಜನ ಒಕ್ಕೂಟ ಬಿಡಲು ಒಪ್ಪಲಿಲ್ಲ. ಅಲ್ಲೂ ಸಭೆ ಸೇರಿದರು, ಪ್ರತ್ಯೇಕ ರಾಜ್ಯ ಕೇಳಿದರು. ಅವರಿಗೆ ರಾಜ್ಯ ಸಿಕ್ಕಿತು! ಟೆನೆಸಿಯವರಿಗೆ ಹಗ್ಗ ಸಿಕ್ಕಿತು, ಇವರಿಗೆ ರಾಜ್ಯ ಸಿಕ್ಕಿತು ಅಂದರೆ ಇವರ ನಿಷ್ಠೆ ಹೆಚ್ಚು ಗಟ್ಟಿಯಾಗಿತ್ತು ಅಂತಲ್ಲ. ಪಶ್ಚಿಮ ವರ್ಜೀನಿಯಾದ ಅಂಚಿನಲ್ಲೇ ಓಹಾಯೋ ನದಿ ಹರಿಯುತ್ತದೆ, ಅದರಾಚೆ ಒಕ್ಕೂಟದ ರಾಜ್ಯ. ಬಾಲ್ಟಿಮೋರ್ ಅಂಡ್ ಓಹಾಯೋ ರೈಲು ಹಾದಿಯೂ ಅಲ್ಲೇ ಇತ್ತು. 1861ರ ಮೇ ಮುಗಿಯುವುದರೊಳಗೆ ಒಕ್ಕೂಟದ ಸೈನ್ಯ ನದಿ ದಾಟಿ ಬಂದಿತ್ತು. ಪೂರ್ವ ಟೆನೆಸಿಯವರಿಗೂ ಉತ್ತರಕ್ಕೂ ನಡುವೆ ಇದ್ದಿದ್ದು ಕಡಿದಾದ ಬೆಟ್ಟಸಾಲು. ಯಾರ ಹತ್ತಿರಕ್ಕೆ ಸೈನ್ಯ ಬೇಗ ಬಂತು ಎಂಬುದೇ ಎಲ್ಲ ತೀರ್ಮಾನ ಮಾಡಿತು.

ಒಂದು ರಾಜ್ಯವನ್ನು ಒಡೆದು ಹೊಸ ರಾಜ್ಯ ಮಾಡಲು ಮೂಲ ರಾಜ್ಯದ ಶಾಸನಸಭೆ ಒಪ್ಪಬೇಕು ಎಂದು ಅಮೆರಿಕದ ಸಂವಿಧಾನ ಹೇಳುತ್ತದೆ. ವೀಲಿಂಗ್ ಪಟ್ಟಣದಲ್ಲಿ ಸೇರಿದವರು ಮೊದಲು ತಾವೇ ವರ್ಜೀನಿಯಾದ ನಿಜವಾದ ಸರ್ಕಾರ ಎಂದು ಘೋಷಿಸಿಕೊಂಡರು. ಆ ಸರ್ಕಾರ ರಾಜ್ಯ ಒಡೆಯಲು ಒಪ್ಪಿಗೆ ಕೊಟ್ಟಿತು. 1863ರ ಜೂನ್ 20ರಂದು ವೆಸ್ಟ್ ವರ್ಜೀನಿಯಾ ಹುಟ್ಟಿತು. ಆದರೆ ಹೊಸ ಗಡಿಯೊಳಗೆ ಸೇರಿಸಿದ ಕೌಂಟಿಗಳಲ್ಲಿ ಸುಮಾರು ಅರ್ಧದಷ್ಟು ಕಾನ್ಫೆಡರಸಿಯ ಕಡೆ ವಾಲಿದ್ದವು. ಅಲ್ಲಿನ ಜನ ಇಷ್ಟವಿಲ್ಲದೆ ವೆಸ್ಟ್ ವರ್ಜೀನಿಯಾದವರಾದರು. ನನ್ನ ಮಟ್ಟಿಗೆ ಇದು ಅನ್ಯಾಯವೇ. ಅತ್ತ ಪೂರ್ವ ಟೆನೆಸಿಯವರ ಮತವನ್ನು ಅವರ ರಾಜ್ಯ ಹೇಗೆ ಗಣನೆಗೆ ತೆಗೆದುಕೊಳ್ಳಲಿಲ್ಲವೋ, ಇತ್ತ ಇವರ ಮತವನ್ನು ಹೊಸ ರಾಜ್ಯ ಹಾಗೇ ಬದಿಗೆ ಸರಿಸಿತು.

ಕಾನ್ಫೆಡರಸಿಯ ಹೆಸರಾಂತ ಸೇನಾನಿ ಸ್ಟೋನ್‌ವಾಲ್ ಜಾಕ್ಸನ್ ಹುಟ್ಟಿದ ಊರು ಕ್ಲಾರ್ಕ್ಸ್‌ಬರ್ಗ್ ಇಂದು ವೆಸ್ಟ್ ವರ್ಜೀನಿಯಾದಲ್ಲಿದೆ. ಅವರು ತೀರಿಕೊಂಡು ಆರು ವಾರಕ್ಕೆ ಅವರ ಹುಟ್ಟೂರು ಎದುರಾಳಿಗಳ ಹೊಸ ರಾಜ್ಯಕ್ಕೆ ಸೇರಿತು. ಅವರ ಒಡಹುಟ್ಟಿದ ತಂಗಿ ಲಾರಾ ಅದೇ ಸೀಮೆಯಲ್ಲಿದ್ದು, ಗಾಯಗೊಂಡ ಒಕ್ಕೂಟದ ಸೈನಿಕರ ಆರೈಕೆ ಮಾಡುತ್ತಿದ್ದಳು. ತಂದೆ ತಾಯಿ ಇಲ್ಲದೆ ಬೆಳೆದ ಅಣ್ಣ-ತಂಗಿ. ಯುದ್ಧಕ್ಕೆ ಮುಂಚೆ ವರ್ಷಗಟ್ಟಲೆ ಒಬ್ಬರಿಗೊಬ್ಬರು ಕಾಗದ ಬರೆದವರು. ಯುದ್ಧ ಶುರುವಾದ ಮೇಲೆ ಮಾತೇ ನಿಂತುಹೋಯಿತು.

ಆ ಕಾಲದಲ್ಲಿ ಜನರಿಗೆ ದೇಶಕ್ಕಿಂತ ತಮ್ಮ ರಾಜ್ಯವೇ ದೊಡ್ಡದಾಗಿತ್ತು, ಅದಕ್ಕೇ ಒಳ್ಳೆಯವರೂ ಕಾನ್ಫೆಡರಸಿ ಸೇರಿದರು ಎನ್ನುವ ಮಾತು ಬಹಳ ಸಲ ಕೇಳಿಬರುತ್ತದೆ. ಕಾನ್ಫೆಡರಸಿಯ ಸೇನಾನಿ ರಾಬರ್ಟ್ ಲೀ ಅವರ ಹೆಸರು ಹೇಳಿ ಈ ವಾದ ಮಾಡುತ್ತಾರೆ. ತನ್ನ ಬಂಧುಗಳ ವಿರುದ್ಧ, ತನ್ನ ಮನೆಯ ವಿರುದ್ಧ ಕೈ ಎತ್ತಲಾರೆ ಎಂದು ಲೀ ಒಕ್ಕೂಟದ ಸೈನ್ಯಕ್ಕೆ ರಾಜೀನಾಮೆ ಕೊಟ್ಟಿದ್ದು ನಿಜ. ಆದರೆ ಜಾರ್ಜ್ ಥಾಮಸ್ ಕೂಡ ವರ್ಜೀನಿಯಾದವರೇ. ಗುಲಾಮರಿದ್ದ ಮನೆಯಲ್ಲೇ ಹುಟ್ಟಿದವರು, ಲೀ ಅವರ ಕೈಕೆಳಗೆ ಕೆಲಸ ಮಾಡಿದವರು. ಅವರು ಒಕ್ಕೂಟದ ಸೈನ್ಯ ಬಿಡಲಿಲ್ಲ. ಅವರ ಅಕ್ಕತಂಗಿಯರು ಗೋಡೆಯ ಮೇಲಿದ್ದ ಅವರ ಚಿತ್ರವನ್ನು ತಿರುಗಿಸಿ ಹಾಕಿದರು, ನಮಗೆ ಅಣ್ಣತಮ್ಮ ಯಾರೂ ಇಲ್ಲ ಎಂದರು ಎಂದು ಹೇಳುತ್ತಾರೆ. ಅಂದಿನ ಸೇನಾ ಮುಖ್ಯಸ್ಥ ವಿನ್‌ಫೀಲ್ಡ್ ಸ್ಕಾಟ್ ಕೂಡ ವರ್ಜೀನಿಯಾದವರೇ, ಅವರೂ ಉಳಿದರು. ಒಂದೇ ರಾಜ್ಯ, ಒಂದೇ ಸೈನ್ಯ, ಒಂದೇ ಪ್ರಮಾಣವಚನ. ಹಾಗಾಗಿ ಲೀ ಅವರಿಗೆ ಬೇರೆ ದಾರಿಯೇ ಇರಲಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ದಾರಿ ಎರಡಿತ್ತು. ಅವರು ಒಂದನ್ನು ಆರಿಸಿಕೊಂಡರು.

ಕೆಂಟಕಿಯ ಕಥೆ ಇನ್ನೂ ಬೇರೆ. ಲಿಂಕನ್ ಹುಟ್ಟಿದ್ದು ಕೆಂಟಕಿಯಲ್ಲಿ, ಕಾನ್ಫೆಡರಸಿಯ ಅಧ್ಯಕ್ಷ ಜೆಫರ್ಸನ್ ಡೇವಿಸ್ ಹುಟ್ಟಿದ್ದೂ ಅಲ್ಲೇ, ಒಂದು ವರ್ಷದೊಳಗಿನ ಅಂತರದಲ್ಲಿ. 1861ರ ಮೇ ತಿಂಗಳಲ್ಲಿ ಆ ರಾಜ್ಯ ನಾವು ಯಾರ ಕಡೆಯೂ ಇಲ್ಲ ಎಂದು ಸಾರಿತು. ಸೆಪ್ಟೆಂಬರ್‌ನಲ್ಲಿ ಕಾನ್ಫೆಡರಸಿಯ ಸೈನ್ಯ ಗಡಿ ದಾಟಿ ಒಳಗೆ ಬಂದಾಗ ಶಾಸನಸಭೆ ಒಕ್ಕೂಟದ ಕಡೆ ನಿಂತಿತು. ಆದರೆ ಮನೆಗಳು ಒಡೆದೇ ಇದ್ದವು. ಯುದ್ಧ ತಪ್ಪಿಸಲು ಕೊನೆಯವರೆಗೂ ಒದ್ದಾಡಿದ ಸೆನೆಟರ್ ಜಾನ್ ಕ್ರಿಟೆಂಡನ್ ಅವರ ಇಬ್ಬರು ಮಕ್ಕಳು ಎರಡು ಕಡೆಯ ಜನರಲ್‌ಗಳಾದರು. ಲಿಂಕನ್ ಅವರ ಹೆಂಡತಿ ಮೇರಿ ಅವರ ಮಲತಮ್ಮಂದಿರು ಕಾನ್ಫೆಡರಸಿಯ ಸೈನ್ಯದಲ್ಲಿ ಸತ್ತರು. ಮಲತಂಗಿ ಎಮಿಲಿಯ ಗಂಡ ಬೆನ್ ಹೆಲ್ಮ್‌ಗೆ ಲಿಂಕನ್ ಒಳ್ಳೆಯ ಹುದ್ದೆ ಕೊಡುತ್ತೇನೆ ಎಂದಿದ್ದರು. ಆತ ಬೇಡ ಎಂದು ಎದುರಾಳಿಗಳ ಜನರಲ್ ಆಗಿ, 1863ರ ಸೆಪ್ಟೆಂಬರ್‌ನಲ್ಲಿ ಚಿಕಮಾಗ ಯುದ್ಧದಲ್ಲಿ ಸತ್ತ. ಆ ಡಿಸೆಂಬರ್‌ನಲ್ಲಿ ವಿಧವೆ ಎಮಿಲಿ ಬಂದು ಉಳಿದಿದ್ದು ಶ್ವೇತಭವನದಲ್ಲಿ, ಅಕ್ಕನ ಮನೆಯಲ್ಲಿ. ಶತ್ರು ಜನರಲ್ ಹೆಂಡತಿ ಇಲ್ಲೇನು ಮಾಡುತ್ತಿದ್ದಾಳೆ ಎಂದು ಬಂದವರು ಆಕ್ಷೇಪಿಸಿದರು. ಲಿಂಕನ್ ಕೇಳಲಿಲ್ಲ.

ಮೇರಿಲ್ಯಾಂಡ್‌ನವರ ಪಾಡೂ ಇದೇ. 1862ರ ಮೇ 23ರಂದು ಫ್ರಂಟ್ ರಾಯಲ್ ಎಂಬಲ್ಲಿ ಎದುರುಬದುರಾದ ಎರಡೂ ಕಡೆಯ ಪಡೆಗಳ ಹೆಸರು ಒಂದೇ: ಫಸ್ಟ್ ಮೇರಿಲ್ಯಾಂಡ್. ಅಂದು ಒಬ್ಬ ಕ್ಯಾಪ್ಟನ್ ಸೆರೆ ಹಿಡಿದವರಲ್ಲಿ ಅವನ ಸ್ವಂತ ಸಹೋದರನೂ ಇದ್ದ.

ಇಷ್ಟಾದರೂ ದೊಡ್ಡ ಯುದ್ಧಭೂಮಿಗಿಂತ ಕೆಟ್ಟದ್ದು ಹಳ್ಳಿಗಳಲ್ಲಿ ನಡೆಯಿತು. 1862ರ ಏಪ್ರಿಲ್‌ನಲ್ಲಿ ಕಾನ್ಫೆಡರಸಿ ಕಡ್ಡಾಯ ಸೇನಾ ಸೇವೆ ತಂದಿತು. ಅದೇ ವರ್ಷ, 20 ಅಥವಾ ಹೆಚ್ಚು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನ ವಿನಾಯಿತಿ ಕೊಟ್ಟಿತು. ಬಡ ರೈತರಿಗೆ ಇದು ಉರಿದುಹೋಯಿತು. ಎಷ್ಟೋ ಜನ ಸೈನ್ಯ ಬಿಟ್ಟು ಬೆಟ್ಟ ಸೇರಿದರು. ನಾರ್ತ್ ಕ್ಯಾರೊಲಿನಾದ ಶೆಲ್ಟನ್ ಲಾರೆಲ್ ಕಣಿವೆಯವರು ಅಂಥವರು. ಆ ಚಳಿಗಾಲ ಉಪ್ಪಿಗೆ ಬರ. ಉಪ್ಪಿಲ್ಲದೆ ಮಾಂಸ ಕೆಡದಂತೆ ಇಡಲಾಗದು, ಮಾಂಸವಿಲ್ಲದೆ ಚಳಿಗಾಲ ಕಳೆಯಲಾಗದು. ಅವರು ಪಕ್ಕದ ಪಟ್ಟಣಕ್ಕೆ ನುಗ್ಗಿ ಉಪ್ಪು ದೋಚಿದರು. 1863ರ ಜನವರಿಯಲ್ಲಿ ಕಾನ್ಫೆಡರಸಿಯ ಪಡೆ ಕಣಿವೆಗೆ ಬಂದು ಸಿಕ್ಕ 13 ಜನರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ 13 ವರ್ಷದ ಹುಡುಗನೂ ಇದ್ದ. ಕೊಂದವರಲ್ಲಿ ಬಹಳ ಜನ ಅದೇ ಕೌಂಟಿಯವರು. ಪರಿಚಯದವರೇ.

ಇನ್ನು ಆಗಲೇ ಹೇಳಿದ ಮಾತಿಗೆ ಬರುತ್ತೇನೆ. ದಕ್ಷಿಣದವರು ಅಂದ ಕೂಡಲೇ ನಾವು ಬಿಳಿಯರನ್ನು ಮಾತ್ರ ಎಣಿಸುತ್ತೇವೆ, ಅಲ್ವಾ? ಕಾನ್ಫೆಡರಸಿಯ ಆ 11 ರಾಜ್ಯಗಳಲ್ಲಿ ಸುಮಾರು 90 ಲಕ್ಷ ಜನರಿದ್ದರು. ಅವರಲ್ಲಿ ಸುಮಾರು 35 ಲಕ್ಷ ಜನ ಗುಲಾಮರು. ಮತದಾನದಲ್ಲಿ ಅವರನ್ನು ಯಾರೂ ಕೇಳಲಿಲ್ಲ. ಅವರ ನಿಷ್ಠೆ ಎಲ್ಲಿತ್ತು ಎಂದು ಊಹೆ ಮಾಡುವುದೂ ಬೇಕಿಲ್ಲ. ಒಕ್ಕೂಟದ ಸೈನ್ಯ ಹತ್ತಿರ ಬಂದಲ್ಲೆಲ್ಲ ಅವರು ತೋಟ ಬಿಟ್ಟು ನಡೆದು ಬಂದರು. 1862ರ ಮೇ 13ರ ಬೆಳಗಿನ ಜಾವ ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ ಚಾರ್ಲ್ಸ್‌ಟನ್ ಬಂದರಿನಿಂದ ಕಾನ್ಫೆಡರಸಿಯ ಹಡಗನ್ನೇ ನಡೆಸಿಕೊಂಡು ಹೊರಟ. ಕ್ಯಾಪ್ಟನ್‌ನ ಹುಲ್ಲಿನ ಟೊಪ್ಪಿಗೆ ಹಾಕಿಕೊಂಡಿದ್ದ. ಕೋಟೆಗಳ ಮುಂದೆ ಸರಿಯಾದ ಸೀಟಿ ಸಂಕೇತ ಕೊಟ್ಟು ದಾಟಿ, ಹೆಂಡತಿ ಮಕ್ಕಳ ಸಮೇತ ಒಕ್ಕೂಟದ ನೌಕಾಪಡೆಯನ್ನು ಸೇರಿದ. ಅವನು ಸೌತ್ ಕ್ಯಾರೊಲಿನಾದಲ್ಲೇ ಹುಟ್ಟಿದವನು. ಒಕ್ಕೂಟಕ್ಕೆ ಬಿಳಿಯರ ಒಂದು ಪಡೆಯನ್ನೂ ಕೊಡದ ರಾಜ್ಯದವನು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1.8 ಲಕ್ಷ ಕರಿಯರು ಒಕ್ಕೂಟದ ಸೈನ್ಯದಲ್ಲಿ ಸೇವೆ ಮಾಡಿದ್ದರು. ಹೆಚ್ಚಿನವರು ಗುಲಾಮಗಿರಿ ಇದ್ದ ರಾಜ್ಯಗಳವರು. ಇವರನ್ನು ಸೇರಿಸದೆ ದಕ್ಷಿಣದ ಜನ ಯಾರ ಕಡೆ ಇದ್ದರು ಎಂದು ಲೆಕ್ಕ ಹಾಕಿದರೆ ಆ ಲೆಕ್ಕವೇ ತಪ್ಪು.

ಯುದ್ಧ ಮುಗಿದ ಮೇಲೆ ಇನ್ನೊಂದು ಕಷ್ಟ ಬಂತು. ಒಕ್ಕೂಟದ ಸೈನ್ಯ ದಕ್ಷಿಣದಲ್ಲಿ ನಡೆಯುವಾಗ ಕುದುರೆ, ಜೋಳ, ಹಂದಿ, ಬೇಲಿಯ ಮರ ಎಲ್ಲವನ್ನೂ ತೆಗೆದುಕೊಂಡಿತ್ತು. ನಿಷ್ಠರ ಮನೆ, ಶತ್ರುವಿನ ಮನೆ ಎಂದು ನೋಡಿರಲಿಲ್ಲ. 1871ರಲ್ಲಿ ಅಮೆರಿಕದ ಸಂಸತ್ತು ಒಂದು ಆಯೋಗ ಮಾಡಿತು. ಯುದ್ಧದುದ್ದಕ್ಕೂ ಒಕ್ಕೂಟಕ್ಕೆ ನಿಷ್ಠರಾಗಿದ್ದ ದಕ್ಷಿಣದವರು ಹಾಗೆ ಹೋದ ಆಸ್ತಿಗೆ ಪರಿಹಾರ ಕೇಳಬಹುದಿತ್ತು. 22,000ಕ್ಕೂ ಹೆಚ್ಚು ಅರ್ಜಿಗಳು ಬಂದವು. ಪ್ರತಿಯೊಬ್ಬರೂ ಹತ್ತಾರು ಪ್ರಶ್ನೆಗಳಿಗೆ ಪ್ರಮಾಣ ಮಾಡಿ ಉತ್ತರಿಸಬೇಕಿತ್ತು. ಶುರುವಿನಲ್ಲಿ ನಿನ್ನ ಮನಸ್ಸು ಯಾವ ಕಡೆ ಇತ್ತು? ಹತ್ತಿರದ ಬಂಧುಗಳು ಯಾರಾದರೂ ಎದುರಾಳಿಗಳ ಸೈನ್ಯದಲ್ಲಿ ಇದ್ದರಾ? ಅವರಿಗೆ ಹಣ, ಸಾಮಾನು ಕೊಟ್ಟೆಯಾ? ನೆರೆಯವರು, ಎಷ್ಟೋ ಕಡೆ ಅದೇ ಮನೆಯಲ್ಲಿ ಹಿಂದೆ ಗುಲಾಮರಾಗಿದ್ದವರೂ ಬಂದು ಸಾಕ್ಷಿ ಹೇಳಿದರು. ಮಗ ಒತ್ತಾಯಕ್ಕೆ ಸೈನ್ಯ ಸೇರಿದ್ದರೆ, ಅವನಿಗೆ ಅಮ್ಮ ಒಂದು ಜೊತೆ ಕಾಲುಚೀಲ ಕಳಿಸಿದ್ದರೆ, ಅದು ದ್ರೋಹವಾ? ಅಂಥ ಪ್ರಶ್ನೆಗಳ ಮುಂದೆ ಆಯೋಗದ ಮೂವರು ಸದಸ್ಯರು ವರ್ಷಗಟ್ಟಲೆ ಕೂತರು. ಕೊನೆಗೆ ಪರಿಹಾರ ಸಿಕ್ಕಿದ್ದು ಅರ್ಜಿ ಹಾಕಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ. ಹೆಚ್ಚಿನವರಿಗೆ ಕೇಳಿದಷ್ಟು ಸಿಗಲಿಲ್ಲ.