ನೆಗಡಿ ಬಂದಾಗ ಊಟ ಯಾಕೆ ರುಚಿಸಲ್ಲ?

ಪ್ರಶ್ನೆ: ನೆಗಡಿಯಾದರೆ ಏನು ತಿಂದರೂ ಸಪ್ಪೆ ಎನಿಸುತ್ತದೆ. ಕಟ್ಟಿಕೊಂಡಿರುವುದು ಮೂಗು ತಾನೆ, ನಾಲಿಗೆಗೆ ಏನಾಗುತ್ತದೆ?

ಉತ್ತರ: ಸಾಮಾನ್ಯ ನೆಗಡಿಯಲ್ಲಿ ನಾಲಿಗೆಗೆ ಅಂಥದ್ದೇನೂ ಆಗಿರುವುದಿಲ್ಲ. ಬೇಕಿದ್ದರೆ ಆರೋಗ್ಯವಾಗಿರುವಾಗ ಹೀಗೆ ಮಾಡಿ ನೋಡಿ. ಒಂದು ಚಿಟಿಕೆ ಸಕ್ಕರೆಗೆ ಏಲಕ್ಕಿ ಪುಡಿ ಬೆರೆಸಿ, ಮೂಗು ಬಿಗಿಯಾಗಿ ಹಿಡಿದುಕೊಂಡು ಬಾಯಿಗೆ ಹಾಕಿಕೊಳ್ಳಿ. ಬರೀ ಸಿಹಿ. ಈಗ ಮೂಗು ಬಿಡಿ. ಏಲಕ್ಕಿ ಥಟ್ಟನೆ ಬಾಯಿ ತುಂಬುತ್ತದೆ, ಅಲ್ವಾ? ಬಾಯೊಳಗಿನ ಪರಿಮಳ ಗಂಟಲ ಹಿಂದಿನಿಂದ ಹತ್ತಿ ಮೂಗಿನ ಮೇಲ್ಭಾಗ ತಲುಪಿತು, ಅಷ್ಟೇ. ನೆಗಡಿಯಲ್ಲಿ ಮೂಗು ಕಟ್ಟಿದಾಗ ಮುಚ್ಚಿಹೋಗುವುದು ಈ ದಾರಿಯೇ.

ನಾಲಿಗೆ ಗುರುತಿಸುವುದು ಮುಖ್ಯವಾಗಿ ಐದನ್ನು: ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಗಟ್ಟಿ ಸಾರಿನಂಥ, ಬಾಯಿ ತುಂಬುವ ರುಚಿ). ಉಮಾಮಿಯನ್ನು 1908ರಲ್ಲಿ ಕಡಲಪಾಚಿಯ ಸಾರಿನಿಂದ ಪತ್ತೆ ಮಾಡಿದವರು ಜಪಾನಿನ ಕಿಕುನೆ ಇಕೆಡಾ. ಟೊಮೆಟೊ, ಅಣಬೆಯಲ್ಲೂ ಅದಿದೆ. (ತುದಿಯಲ್ಲಿ ಸಿಹಿ, ಹಿಂದೆ ಕಹಿ ಎಂದು ಶಾಲೆಯಲ್ಲಿ ನೋಡಿದ ನಾಲಿಗೆಯ ಚಿತ್ರ ಮರೆತುಬಿಡಿ. ರುಚಿಮೊಗ್ಗು, ಅಂದರೆ ರುಚಿ ಹಿಡಿಯುವ ಪುಟ್ಟ ಕೋಶಗುಚ್ಛ, ಇರುವ ಕಡೆಯೆಲ್ಲ ಐದೂ ತಿಳಿಯುತ್ತವೆ.) ಮೂಗಿನಲ್ಲಾದರೋ ವಾಸನೆ ಹಿಡಿಯುವ ಗ್ರಾಹಕಗಳೇ ಸುಮಾರು 400 ಬಗೆ.

ಎರಡನ್ನೂ ಕೂಡಿಸುವುದು ಮೆದುಳು. ನಾಲಿಗೆಯ ಸುದ್ದಿ ನರಗಳಲ್ಲಿ ಹೊರಟು ಮೆದುಳಿನ ಬುಡಕ್ಕೆ, ಅಲ್ಲಿಂದ ಮೆದುಳಿನ ನಡುವೆ ಸುದ್ದಿ ದಾಟಿಸುವ ಥಲಾಮಸ್‌ಗೆ, ಆಮೇಲೆ ಮೆದುಳಿನ ಪಕ್ಕದ ಮಡಿಕೆಯೊಳಗಿರುವ ಇನ್ಸುಲಾಗೆ ಹೋಗುತ್ತದೆ. ಇದು ಸಿಹಿ, ಇಷ್ಟು ಸಿಹಿ ಎಂದು ತಿಳಿಯುವುದರಲ್ಲಿ ಇನ್ಸುಲಾದ್ದೇ ದೊಡ್ಡ ಪಾತ್ರ. ಕಣ್ಣುಗಳ ಮೇಲಿರುವ ಆರ್ಬಿಟೋಫ್ರಂಟಲ್ ಭಾಗದಲ್ಲಿ ಇದಕ್ಕೆ ವಾಸನೆ ಸೇರುತ್ತದೆ, ಬಿಸಿ ಸೇರುತ್ತದೆ, ಗರಿಗರಿ ಸೇರುತ್ತದೆ. ಹಸಿವೂ ಲೆಕ್ಕಕ್ಕೆ ಬರುತ್ತದೆ. ಮೊದಲ ಹೋಳಿಗೆಯಷ್ಟು ಮೂರನೆಯದು ಹಿತವಾಗದಿರುವುದು ಅದಕ್ಕೇ. ನನಗಂತೂ ಇದರಲ್ಲಿ ಬೆರಗೆನಿಸುವುದು ಒಂದೇ: ಮೂಗಿನಿಂದ ಬಂದ ಸುದ್ದಿಯನ್ನೂ ಮೆದುಳು ಬಾಯಿಯ ಲೆಕ್ಕಕ್ಕೇ ಹಾಕುತ್ತದೆ. ಮೂಗು ಕಟ್ಟಿದಾಗ ನಾವು ನಾಲಿಗೆಯನ್ನು ದೂರುವುದು ಸುಮ್ನೆ ಅಲ್ಲ.

ಹಾಗಾದರೆ ನೆಗಡಿಯಲ್ಲೂ ಮೆಣಸಿನ ಸಾರು ಯಾಕೆ ಹಿಡಿಸುತ್ತದೆ? ಖಾರ ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಕರಿಮೆಣಸಿಗೆ ಖಾರ ಕೊಡುವ ಪೈಪರೀನ್ ಎಂಬ ವಸ್ತು ಬಿಸಿ ಮತ್ತು ನೋವನ್ನು ತಿಳಿಸುವ ನರವನ್ನು ಕೆಣಕುತ್ತದೆ. ಆ ದಾರಿಗೆ ಮೂಗಿನ ಹಂಗಿಲ್ಲ. ಸಾರಿನ ಉಪ್ಪು, ಹುಳಿಯೂ ನಾಲಿಗೆಗೆ ಸಿಗುತ್ತವೆ. ಕಳೆದುಹೋಗುವುದು ಒಗ್ಗರಣೆಯ ಇಂಗು, ಕರಿಬೇವಿನ ಘಮ.

ನೆಗಡಿ ಇಳಿದರೆ ಸಾಮಾನ್ಯವಾಗಿ ಇದೂ ಸರಿಹೋಗುತ್ತದೆ. ಮೂಗು ತೆರೆದ ಮೇಲೂ ವಾರಗಟ್ಟಲೆ ವಾಸನೆ ಬಾರದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಕೋವಿಡ್ ನಂತರ ಹೀಗಾದವರು ಬಹಳ. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ದಿನಕ್ಕೆ ಎರಡು ಸಲ, ತಿಂಗಳುಗಟ್ಟಲೆ ಮೂಸಿ ನೋಡುವ ಅಭ್ಯಾಸವನ್ನು ಅಂಥವರಿಗೆ ಹೇಳಿಕೊಡುತ್ತಾರೆ.