ಅಟ್ಲಾಸ್‌ನ ಚಿತ್ರ ನೋಡಿ ಪರಾಗಕ್ಕೆ ಗಿಡದ ಹೆಸರು ಕೊಡಬಹುದೇ?

ಪ್ರಶ್ನೆ: ದೇವರಕಾಡಿನ ಪಕ್ಕದ ಕೆರೆಯ ಹೂಳಿನಲ್ಲಿ ಸಿಕ್ಕ ಹಳೆಯ ಪರಾಗವನ್ನು ಪರಾಗ ಅಟ್ಲಾಸ್‌ನ, ಅಂದರೆ ಪರಾಗ ಕಣಗಳ ಚಿತ್ರಪುಸ್ತಕದ, ಚಿತ್ರಗಳ ಜೊತೆ ಹೋಲಿಸಿ, ಹಿಂದೆ ಅಲ್ಲಿದ್ದ ಗಿಡಗಳ ಹೆಸರು ಬರೆದು ಪತ್ರಿಕೆಗೆ ಕಳಿಸಿದ್ದೆವು. ಚಿತ್ರಗಳು ಅಚ್ಚೊತ್ತಿದ ಹಾಗೆ ಹೊಂದುತ್ತವೆ. ಆದರೂ "ಪ್ರಭೇದದ ಹೆಸರು ತೆಗೆಯಿರಿ, ಹೋಲಿಕೆಯ ಸ್ಲೈಡ್ ಎಲ್ಲಿದೆ ತಿಳಿಸಿ" ಎಂದು ಲೇಖನ ವಾಪಸ್ ಬಂತು. ಹಾಗಾದರೆ ಅಟ್ಲಾಸ್ ಇರುವುದು ಯಾತಕ್ಕೆ?

ಉತ್ತರ: ಎಲ್ಲಿ ಹುಡುಕಬೇಕು ಎಂದು ತೋರಿಸುವುದಕ್ಕೆ. ತೀರ್ಮಾನ ಮಾಡಬೇಕಾದ್ದು ಹೋಲಿಕೆಯ ಸ್ಲೈಡ್ ನೋಡಿ, ಅಂದರೆ ಹೆಸರು ಗೊತ್ತಿರುವ ಗಿಡದ ಪರಾಗವನ್ನು ಗಾಜಿನ ಮೇಲೆ ಕೂರಿಸಿದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಪ್ರತಿ ಸಂಚಿಕೆಯ ಹೊತ್ತಿಗೂ ಇದೇ ಪ್ರಶ್ನೆ ಬರುತ್ತದೆ, ಎರಡು ಸಾಲಿನ ಉತ್ತರ ಯಾರ ಮನಸ್ಸಿನಲ್ಲೂ ನಿಲ್ಲುತ್ತಿಲ್ಲ. ಹಾಗಾಗಿ ಈ ಸಲ ಉದ್ದವಾಗಿಯೇ ಬರೆಯುತ್ತಿದ್ದೇವೆ.

ಮತ್ತಿ ಮರದಿಂದ ಶುರು ಮಾಡೋಣ. ಅದರ ಪರಾಗ ಕಣದ ಮೇಲೆ ಆರು ಸೀಳುಗಳಿವೆ. ಒಂದು ಬಿಟ್ಟು ಒಂದರಲ್ಲಿ, ಅಂದರೆ ಮೂರರಲ್ಲಿ ಮಾತ್ರ ರಂಧ್ರ. ಉಳಿದ ಮೂರು ಹುಸಿ ಸೀಳು. ಇಷ್ಟು ಸ್ಪಷ್ಟವಾದ ಗುರುತು ಕಂಡಮೇಲೆ ಅಟ್ಲಾಸ್ ತೆರೆದವರಿಗೆ ಸಂಶಯವೇ ಬರುವುದಿಲ್ಲ, 'ಮತ್ತಿ' ಎಂದು ಬರೆದುಬಿಡುತ್ತಾರೆ. ಈಗ ರಸ್ತೆ ಪಕ್ಕದ ಬರೆಯ ಮೇಲೆ ನೇರಳೆ ಹೂ ಬಿಟ್ಟು ನಿಂತಿರುತ್ತದಲ್ಲ ನೆಕ್ಕರಿಕದ ಪೊದೆ, ಅದರ ಪರಾಗ ನೋಡಿ. ಅದೇ ಆರು ಸೀಳು, ಅದೇ ಮೂರು ರಂಧ್ರ. ಮತ್ತಿಯದು ಕಾಂಬ್ರಿಟೇಸಿ ಕುಟುಂಬ, ನೆಕ್ಕರಿಕದ್ದು ಮೆಲಾಸ್ಟೊಮಟೇಸಿ. ಒಂದು ಕಾಡಿನ ದೊಡ್ಡ ಮರ, ಇನ್ನೊಂದು ಕಾಡು ತೆರವಾದ ಕಡೆ ಎದ್ದು ಬರುವ ಪೊದೆ. ಹೆಸರು ಅದಲು ಬದಲಾದರೆ "ಇಲ್ಲಿ ಕಾಡು ಬೆಳೆಯಿತು" ಎಂಬುದೂ "ಇಲ್ಲಿ ಕಾಡು ಹೋಯಿತು" ಎಂಬುದೂ ಅದಲು ಬದಲಾಗುತ್ತವೆ. ದಕ್ಷಿಣ ಭಾರತದ ಪರಾಗ ಲೇಖನಗಳಲ್ಲಿ ಈ ಎರಡು ಕುಟುಂಬಗಳ ನಡುವೆ ಓರೆಗೆರೆ ಹಾಕಿ ಒಟ್ಟಿಗೇ ಬರೆಯುವುದು ಇದಕ್ಕೇ. ಆ ಓರೆಗೆರೆಯನ್ನು ದೌರ್ಬಲ್ಯ ಎಂದುಕೊಂಡು ಅಳಿಸುವವರಿದ್ದಾರೆ. ದಯವಿಟ್ಟು ಅಳಿಸಬೇಡಿ, ಇಡೀ ಪಟ್ಟಿಯಲ್ಲಿ ಅತ್ಯಂತ ಪ್ರಾಮಾಣಿಕವಾದ ಗುರುತು ಅದು.

ಭತ್ತದ ವಿಷಯದಲ್ಲಂತೂ ಈ ತಪ್ಪು ಇನ್ನೂ ಹಟಮಾರಿ. ಹುಲ್ಲಿನ ಕುಟುಂಬದ ಕಣಗಳೆಲ್ಲ ಒಂದೇ ಥರ: ದುಂಡಗೆ, ಒಂದೇ ರಂಧ್ರ, ಅದರ ಸುತ್ತ ಒಂದು ಬಳೆ. "40 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಾಟಿದರೆ ಅದು ಬೆಳೆಯ ಹುಲ್ಲು" ಎಂಬ ಲೆಕ್ಕ ಯೂರೋಪಿನ ಗೋಧಿ, ಬಾರ್ಲಿ ನೋಡಿ ಮಾಡಿಕೊಂಡದ್ದು. ಭತ್ತದ ಕಣಗಳು ಆ ಗೆರೆಯ ಎರಡೂ ಬದಿಗೆ ಬೀಳುತ್ತವೆ, ನಮ್ಮ ಕಾಡುಹುಲ್ಲುಗಳಲ್ಲೂ ಕೆಲವು ಗೆರೆ ದಾಟುತ್ತವೆ. ಅದರ ಮೇಲೆ ಸ್ಲೈಡಿಗೆ ಏನು ಹಾಕಿದ್ದೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಗ್ಲಿಸರಿನ್ ಜೆಲ್ಲಿಯಲ್ಲಿ ಕಣ ಕಾಲಕ್ರಮೇಣ ಉಬ್ಬುತ್ತದೆ, ಸಿಲಿಕೋನ್ ಎಣ್ಣೆಯಲ್ಲಿ ಹಾಗೇ ಉಳಿಯುತ್ತದೆ. ಜೆಲ್ಲಿಯಲ್ಲಿ ಅಳೆದ ಕಣವನ್ನು ಎಣ್ಣೆಯಲ್ಲಿ ಅಳೆದ ಅಟ್ಲಾಸ್‌ನ ಅಂಕಿಗೆ ಹೋಲಿಸಿ, ಇಂಥ ಕಾಲದಿಂದ ಕೊಡಗಿನ ಬೈಲುಗಳಲ್ಲಿ ಭತ್ತ ಇತ್ತು ಎಂದು ಬರೆದರೆ ಅದಕ್ಕೆ ಬುಡವೇ ಇಲ್ಲ. ಭತ್ತ ಬೇಕಿದ್ದರೆ ಅದೇ ಹೂಳಿನಲ್ಲಿ ಸಸ್ಯಗಳ ಸಿಲಿಕಾ ಕಣಗಳನ್ನು, ಅಂದರೆ ಫೈಟೋಲಿತ್‌ಗಳನ್ನು ಹುಡುಕಿ. ಭತ್ತದ ಎಲೆಯ ಬೀಸಣಿಗೆ ಆಕಾರದ ಕೋಶ, ಹೊಟ್ಟಿನ ಎರಡು ಮೊನೆಯ ಕೋಶ ಪರಾಗಕ್ಕಿಂತ ಎಷ್ಟೋ ಗಟ್ಟಿ ಸಾಕ್ಷಿ.

ತೋಟದವರಿಗೆ ಗೊತ್ತಿರುವ ಸಿಲ್ವರ್ ಓಕ್ ನೋಡಿ. ತ್ರಿಕೋನದ ಕಣ, ಮೂಲೆಗೊಂದು ರಂಧ್ರ. ಮರ ಆಸ್ಟ್ರೇಲಿಯಾದ್ದು, ಕಾಫಿ ತೋಟದ ನೆರಳಿಗೆಂದು ತಂದದ್ದು. ಹಾಗಾಗಿ "ಈ ಪದರ ಕಾಫಿ ಬಂದ ಮೇಲಿನದು" ಎನ್ನಲು ಒಳ್ಳೆಯ ಗುರುತು ಎನಿಸುತ್ತದೆ. ಆದರೆ ಅದೇ ಪ್ರೋಟಿಯೇಸಿ ಕುಟುಂಬದ ಹೆಲಿಸಿಯಾ ಪಶ್ಚಿಮ ಘಟ್ಟದ್ದೇ ಮರ, ಅದರ ಕಣವೂ ಮೂರು ರಂಧ್ರದ್ದೇ. ಎರಡರ ಸ್ಲೈಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಒಂದು ಕಣದ ಮೇಲೆ ಕಾಲ ನಿರ್ಣಯ ಮಾಡಬಾರದು.

ಚಿತ್ರ ಏಕೆ ಮೋಸ ಮಾಡುತ್ತದೆ ಎಂದರೆ, ಅದರಲ್ಲಿರುವುದು ಒಂದೇ ಕಣ, ಒಂದೇ ಫೋಕಸ್. ಮೇಲ್ಮೈಯ ಬಲೆ ಕಾಣಬೇಕಾದರೆ ಫೋಕಸ್ ಮೇಲಿರಬೇಕು, ಗೋಡೆಯ ದಪ್ಪ ಕಾಣಬೇಕಾದರೆ ನಡುವಿಗೆ ಇಳಿಯಬೇಕು. ಉಬ್ಬೋ ತಗ್ಗೋ ಎಂಬುದು ತಿಳಿಯುವುದು ಫೋಕಸ್ ತಿರುಗಿಸುವಾಗ ಬೆಳಕು ಕತ್ತಲೆ ಬದಲಾಗುವ ಕ್ರಮದಿಂದ. ಅಟ್ಲಾಸ್‌ನ ಕಣ ತಾಜಾ ಹೂವಿನದು, ನಿಮ್ಮದು ಮಡಿಸಿಕೊಂಡು ಸವೆದದ್ದು. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುವ ಗದ್ದೆಯ ಮಣ್ಣಿನಲ್ಲಿ ಗಾಳಿ ಆಡಿ ಕಣ ಬೇಗ ಕೆಡುತ್ತದೆ. ವರ್ಷವಿಡೀ ನೀರು ನಿಂತ ಜೌಗಿನಲ್ಲಿ ಸಾವಿರಾರು ವರ್ಷ ಉಳಿಯುತ್ತದೆ. ಕೊಡಗಿನ ಹೂಳಿನಿಂದ 7500 ವರ್ಷಗಳ ಸಸ್ಯಚರಿತ್ರೆ 2012ರಲ್ಲಿ ಪ್ರಕಟವಾಗಿರುವುದು ಹೂಳು ಹಾಗೆ ಉಳಿದದ್ದರಿಂದಲೇ.

ಇನ್ನೊಂದು ಮಾತು. ಪುಸ್ತಕದಲ್ಲಿ ಅತಿ ಹತ್ತಿರ ಹೋಲುವ ಚಿತ್ರ ಎಂದರೆ ಪುಸ್ತಕದಲ್ಲಿರುವ ಗಿಡಗಳ ಪೈಕಿ ಹತ್ತಿರದ್ದು, ಅಷ್ಟೇ. ಪಶ್ಚಿಮ ಘಟ್ಟದಲ್ಲಿ ಹೂ ಬಿಡುವ ಸಸ್ಯಗಳೇ ಏಳು ಸಾವಿರಕ್ಕೂ ಹೆಚ್ಚು. ಪುದುಚೇರಿಯ ಫ್ರೆಂಚ್ ಸಂಸ್ಥೆ 1994ರಲ್ಲಿ ತಂದ ಪರಾಗ ಅಟ್ಲಾಸ್ ಘಟ್ಟದ ನಿತ್ಯಹರಿದ್ವರ್ಣ ಕಾಡಿನದು. ಭಾಗಮಂಡಲದ ಕಡೆಯ ಹೂಳಿಗೆ ಅದು ನೆರವಾಗುತ್ತದೆ. ಅದನ್ನೇ ಹಿಡಿದುಕೊಂಡು ಕುಶಾಲನಗರದ ಕಡೆಯ ಎಲೆ ಉದುರುವ ಕಾಡಿಗೆ ಹೋದರೆ ಇಲ್ಲದ ಮರಗಳೆಲ್ಲ ಹೊಂದಿಕೊಳ್ಳತೊಡಗುತ್ತವೆ.

ಹೊಂದುವ ಕಣ ಸಿಗಲಿಲ್ಲ ಎಂದು "ಆ ಮರ ಇರಲಿಲ್ಲ" ಎಂದೂ ಬರೆಯಬೇಡಿ. ಅತ್ತಿ, ಗೋಣಿ, ಆಲದ ಹೂಗಳಿರುವುದು ಕಾಯಿಯ ಒಳಗೆ. ಪರಾಗ ಒಯ್ಯುವುದು ಪುಟ್ಟ ಕಣಜ, ಗಾಳಿಗೆ ಬೀಳುವುದೇ ಅಪರೂಪ. ಕಣವೋ 10 ಮೈಕ್ರಾನ್ ಆಸುಪಾಸಿನದು. 10 ಮೈಕ್ರಾನ್ ಜರಡಿಯಲ್ಲಿ ಹೂಳು ಸೋಸಿದರೆ ಇದ್ದಬದ್ದ ಅತ್ತಿಯೂ ಚರಂಡಿಗೆ. 7 ಮೈಕ್ರಾನ್ ಬಳಸಿ, ಯಾವುದು ಬಳಸಿದಿರೆಂದು ಲೇಖನದಲ್ಲಿ ನಮೂದಿಸಿ.

ಹಾಗಾದರೆ ಮಾಡಬೇಕಾದ್ದೇನು? ನಿಮ್ಮ ಕೆರೆಯ ಸುತ್ತಲಿನ ಗಿಡಗಳ ಹೋಲಿಕೆ ಸ್ಲೈಡುಗಳನ್ನು ನೀವೇ ಮಾಡಿ. ಅರಳಿದ ಹೂ ತರಬೇಡಿ. ಜೇನುಹುಳ ಬೇರೆ ಗಿಡದ ಪರಾಗ ಮೆತ್ತಿರುತ್ತದೆ. ನಾಳೆ ಬಿರಿಯಲಿರುವ ಮೊಗ್ಗು ಬೇಕು. ಕಾಫಿಯಾದರೆ ಹೂ ಮಳೆ ಬಿದ್ದ ವಾರದ ಮೇಲೆ ದಿನಾ ಹೋಗಿ ನೋಡಿ, ಮೊಗ್ಗು ಬೆಳ್ಳಗೆ ನೆಟ್ಟಗೆ ನಿಂತ ದಿನ ಕೀಳಿ. ಅದೇ ಗಿಡದ ಒಂದು ಕೊಂಬೆಯನ್ನು ಒತ್ತಿ ಒಣಗಿಸಿ ಹರ್ಬೇರಿಯಂಗೆ (ಒಣಗಿಸಿದ ಗಿಡಗಳ ಸಂಗ್ರಹಾಲಯಕ್ಕೆ) ಕೊಟ್ಟು ಸಂಖ್ಯೆ ಪಡೆಯಿರಿ. ಮುಂದಿನದು ಸ್ವೀಡನ್ನಿನ ಗುನ್ನಾರ್ ಎರ್ಡ್ಟ್‌ಮನ್ ರೂಢಿಗೆ ತಂದ, ಆಮ್ಲದಲ್ಲಿ ಕಣ ಶುಚಿ ಮಾಡುವ ಅಸಿಟೋಲಿಸಿಸ್ ವಿಧಾನ: ಒಂಬತ್ತು ಪಾಲು ಅಸಿಟಿಕ್ ಅನ್‌ಹೈಡ್ರೈಡ್‌ಗೆ ಒಂದು ಪಾಲು ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಸೇರಿಸಿ, ನೀರಿನ ಬಿಸಿಯಲ್ಲಿ ಕೆಲವೇ ನಿಮಿಷ. ಕಣದ ಒಳಗಿನದೆಲ್ಲ ಕರಗಿ ಹೊರಕವಚ ಜೇನಿನ ಬಣ್ಣಕ್ಕೆ ಬಂದಾಗ ನಿಲ್ಲಿಸಬೇಕು. ಮೀರಿದರೆ ಕಪ್ಪಾಗಿ ಮೇಲ್ಮೈ ಕಾಣುವುದಿಲ್ಲ. ಈ ಮಿಶ್ರಣಕ್ಕೆ ನೀರು ತಾಗಿದರೆ ಸಿಡಿಯುತ್ತದೆ. ಮೊದಲು ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ತೊಳೆದು ಮಾದರಿಯ ನೀರು ತೆಗೆಯಿರಿ, ಕೊನೆಗೂ ಅದರಲ್ಲೇ ತೊಳೆದ ಮೇಲಷ್ಟೇ ನೀರು. ವಿಷದ ಹೊಗೆಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್ ಇಲ್ಲದ ಕಡೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಪತ್ರಿಕೆ ಕೇಳುವ ಉಳಿದವು ಸುಲಭ. ಶೇಕಡಾವಾರು ಜೊತೆಗೆ ಮೂಲ ಎಣಿಕೆ ಕೊಡಿ. ಚಿತ್ರದ ಕೆಳಗೆ "1000 ಪಟ್ಟು" ಎಂದು ಬರೆಯಬೇಡಿ, ಪುಟಕ್ಕೆ ಹೊಂದಿಸಲು ಚಿತ್ರ ಕುಗ್ಗಿಸಿದ ಕ್ಷಣವೇ ಅದು ಸುಳ್ಳಾಗುತ್ತದೆ. ಚಿತ್ರದೊಳಗೇ 10 ಮೈಕ್ರಾನ್‌ನ ಅಳತೆಗೆರೆ ಎಳೆದರೆ ಚಿತ್ರ ಕುಗ್ಗಿದರೆ ಗೆರೆಯೂ ಕುಗ್ಗುತ್ತದೆ.

ಯಾರೂ ಕೇಳದಿದ್ದರೂ ಇಲ್ಲೇ ಹೇಳಬೇಕಾದ್ದೊಂದಿದೆ: ಹೊಸ ಪಳೆಯುಳಿಕೆ ಪರಾಗಕ್ಕೆ ಕನ್ನಡದ ಹೆಸರು ಇಡಬಹುದೇ? ಖಂಡಿತ ಇಡಬಹುದು. ಕೆಲವು ಸಾವಿರ ವರ್ಷದ ಕೆರೆ ಹೂಳಿಗೆ ಅದರ ಅಗತ್ಯವಿಲ್ಲ, ಅಲ್ಲಿರುವುದು ಈಗಿನ ಗಿಡಗಳದ್ದೇ ಪರಾಗ. ನೈವೇಲಿಯ ಲಿಗ್ನೈಟ್‌ನಂಥ ಕೋಟ್ಯಂತರ ವರ್ಷದ ಪದರಗಳಲ್ಲಿ ಹೊಸ ಹೆಸರು ಬೇಕಾಗುತ್ತದೆ. ಸಸ್ಯನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ಹೆಸರು ಯಾವ ಭಾಷೆಯ ಪದದಿಂದಲೂ ಬರಬಹುದು. ಬರೆಯುವುದು ಲ್ಯಾಟಿನ್ ಲಿಪಿಯಲ್ಲಿ. ಲೇಖನವೂ ಕನ್ನಡದಲ್ಲಿರಬಹುದು. ಆದರೆ ಲಕ್ಷಣವಿವರಣೆ ಮಾತ್ರ ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿರಲೇಬೇಕು, ಇದು 1996ರಿಂದ ಇರುವ ನಿಯಮ. ಹೆಸರಿಗೆ ಆಧಾರವಾದ ಮಾದರಿ ಕಣವನ್ನು ಯಾವ ಸಂಸ್ಥೆಯಲ್ಲಿ ಇಟ್ಟಿದೆ ಎಂದು ಹೇಳಬೇಕು, ಚಿತ್ರಗಳಲ್ಲಿ ಯಾವುದು ಆ ಕಣದ್ದು ಎಂದು ಗುರುತಿಸಬೇಕು. 2012ರಿಂದ ಐಎಸ್‌ಎಸ್‌ಎನ್ (ನಿಯತಕಾಲಿಕೆಗಳಿಗೆ ಕೊಡುವ ಅಂತರರಾಷ್ಟ್ರೀಯ ಸಂಖ್ಯೆ) ಇರುವ ಪತ್ರಿಕೆಯ ಪಿಡಿಎಫ್ ಪ್ರಕಟಣೆಯೂ ನಡೆಯುತ್ತದೆ, ಅಚ್ಚಿನ ಪ್ರತಿಗಾಗಿ ಕಾಯಬೇಕಿಲ್ಲ.

ಆ ಕಣ ಸ್ಲೈಡಿನಲ್ಲಿ ಎಲ್ಲಿದೆ ಎಂಬುದನ್ನು ನಿಮ್ಮ ಸೂಕ್ಷ್ಮದರ್ಶಕದಲ್ಲಿ ಸ್ಲೈಡ್ ಇಡುವ ಹಲಗೆಯ, ಅಂದರೆ ಸ್ಟೇಜಿನ, ಅಂಕಿಯಲ್ಲಿ ಬರೆದರೆ ಬೇರೆ ಯಂತ್ರದಲ್ಲಿ ಅದು ಸಿಗುವುದಿಲ್ಲ. ಇಂಗ್ಲೆಂಡ್ ಫೈಂಡರ್ ಎಂಬ ಗೆರೆಚೌಕದ ಗಾಜಿನ ಓದಿಕೆ ಕೊಡಿ, ಓದುವಾಗ ಸ್ಲೈಡಿನ ಲೇಬಲ್ ಎಡಕ್ಕಿತ್ತೋ ಬಲಕ್ಕಿತ್ತೋ ಅದನ್ನೂ ಬರೆಯಿರಿ.