ಕೂಸಿನ ಪುಡಿ ಸಿರಪ್ಪಿಗೆ ಬಿಸಿಲು ಆಗಿಬರದು

ರಾಯಚೂರಿನಲ್ಲಿ ಬೇಸಿಗೆಯ ಬಿಸಿ 40 ಡಿಗ್ರಿ ದಾಟುವುದು ಹೊಸದಲ್ಲ. ಮಕ್ಕಳಿಗೆ ಬರೆದುಕೊಡುವ ಅಮಾಕ್ಸಿಸಿಲಿನ್–ಕ್ಲಾವುಲನಿಕ್ ಆಸಿಡ್ ಎಂಬ ಆಂಟಿಬಯೋಟಿಕ್ ಸಿರಪ್, ಪುಡಿಗೆ ಮನೆಯಲ್ಲಿ ನೀರು ಕಲಸುವಂಥದ್ದು, ಆ ಬಿಸಿಗೆ ತಾಳುವುದಿಲ್ಲ. ಪುಡಿಯಾಗಿದ್ದಾಗ ತೊಂದರೆ ಕಡಿಮೆ. ನೀರು ಸೇರಿದ ಮೇಲೆ ಕ್ಲಾವುಲನಿಕ್ ಆಸಿಡ್ ಒಡೆಯತೊಡಗುತ್ತದೆ, ಬಿಸಿ ಏರಿದಷ್ಟೂ ಬೇಗ. ಕಲಸಿದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರಿಜ್ಜಿನ ಒಳಗಡೆ ಇಡಿ. ಬಾಗಿಲಿನ ಗೂಡು ಪದೇಪದೇ ಬಿಸಿಯಾಗುತ್ತದೆ, ಫ್ರೀಜರಂತೂ ಬೇಡ. ಲೇಬಲ್ಲಿನಲ್ಲಿ ಬರೆದ ಅವಧಿ, ಸಾಮಾನ್ಯವಾಗಿ 7 ದಿನ, ಮುಗಿದರೆ ಉಳಿದದ್ದನ್ನು ಎಸೆಯಿರಿ. ಅದಕ್ಕೂ ಮೊದಲೇ ಬಣ್ಣ ಕಂದಾದರೆ ಆಗಲೇ ಎಸೆಯಿರಿ. ಹಾಗಂತ ಎಲ್ಲ ಸಿರಪ್ಪೂ ಫ್ರಿಜ್ಜಿಗಲ್ಲ. ಕ್ಲಾರಿಥ್ರೊಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಸಿರಪ್ ಅಲ್ಲಿಟ್ಟರೆ ಗಟ್ಟಿಯಾಗಿ, ಕಹಿಯೂ ಹೆಚ್ಚುತ್ತದೆ.

ಮನೆಯಲ್ಲಿ ಫ್ರಿಜ್ ಇಲ್ಲ, ಇದ್ದರೂ ದಿನವೆಲ್ಲ ಕರೆಂಟ್ ಇರುವುದಿಲ್ಲ ಎಂದಾದರೆ ಚೀಟಿ ಬರೆಯುವಾಗಲೇ ಡಾಕ್ಟರಿಗೆ ಹೇಳಿ. ಇದೇ ಔಷಧದ, ನೀರಲ್ಲಿ ಕರಗುವ ಗುಳಿಗೆ ಸಿಗುತ್ತದೆ. ಒಂದೊಂದು ಹೊತ್ತಿಗೆ ಬೇಕಾದಷ್ಟನ್ನೇ ಕರಗಿಸಿ ಕುಡಿಸಿದರಾಯಿತು. ನಮ್ಮ ಕಡೆ ಬೇಸಿಗೆಗೆ ಅದೇ ವಾಸಿ.

ಕಲಸುವುದರಲ್ಲೇ ಹೆಚ್ಚು ತಪ್ಪಾಗುತ್ತದೆ. ಡಬ್ಬಿಯಲ್ಲಿ ನೀರಿನ ಸೀಸೆ ಕೊಟ್ಟಿದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ನೀರು. ಮೊದಲು ಬಾಟಲಿ ತಟ್ಟಿ ಪುಡಿಯನ್ನು ಸಡಿಲ ಮಾಡಿ. ಬಾಟಲಿಯ ಮೇಲಿನ ಗೆರೆಯ ಅರ್ಧದಷ್ಟು ನೀರು ಹಾಕಿ ಚೆನ್ನಾಗಿ ಕುಲುಕಿ, ಬಳಿಕ ಗೆರೆಯವರೆಗೆ ತುಂಬಿ. ಆಗ ನೊರೆ ಏಳುತ್ತದೆ. ಅದನ್ನೇ ಮಟ್ಟವೆಂದುಕೊಂಡು ನಿಲ್ಲಿಸಿದರೆ ನೀರು ಕಡಿಮೆಯಾಗಿ ಔಷಧ ಗಾಢವಾಗುತ್ತದೆ. ನೊರೆ ಇಳಿದ ಮೇಲೆ ಮತ್ತೆ ನೋಡಿ, ಕಡಿಮೆಯಿದ್ದರೆ ಗೆರೆಗೆ ಸರಿಮಾಡಿ. ಪುಡಿ ತಳ ಹಿಡಿಯುವುದರಿಂದ ಪ್ರತಿಸಲವೂ ಕುಲುಕಬೇಕು, ಇಲ್ಲವಾದರೆ ಮೊದಮೊದಲು ತೆಳು, ಕೊನೆಗೆ ಗಾಢ.

ಬಾಟಲಿ ಬದಲಾದರೆ ಅಳತೆಯೂ ಬದಲು. ಇದೇ ಔಷಧ 5 ಮಿ.ಲೀ.ಗೆ 228.5 ಮಿ.ಗ್ರಾಂ. ಮತ್ತು 457 ಮಿ.ಗ್ರಾಂ. ಎರಡರಲ್ಲೂ ಬರುತ್ತದೆ. ಮೊದಲಿನದಕ್ಕೆ ಬರೆದ 5 ಮಿ.ಲೀ.ಯನ್ನು ಎರಡನೆಯದರಿಂದ ಕೊಟ್ಟರೆ ಕೂಸಿಗೆ ದುಪ್ಪಟ್ಟು ಹೋಗುತ್ತದೆ. ಚೀಟಿಯ ಅಂಕಿ ಮತ್ತು ಬಾಟಲಿಯ ಅಂಕಿ ಎರಡನ್ನೂ ಮೆಡಿಕಲ್ ಶಾಪಿನಲ್ಲೇ ಹೊಂದಿಸಿ ನೋಡಿ. ಅಡುಗೆಮನೆಯ ಚಮಚ ಬಿಡಿ, ಗೆರೆಯಿರುವ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಹಿಡಿಯಿರಿ.

ಊಟದ ಮೊದಲ ತುತ್ತಿನ ಜೊತೆ ಕೊಟ್ಟರೆ ಹೊಟ್ಟೆ ಕೆಡುವುದು ಕಡಿಮೆ. ಸ್ವಲ್ಪ ಭೇದಿ ಸಾಮಾನ್ಯ, ಓಆರ್‌ಎಸ್ ಕುಡಿಸಿ. ರಕ್ತ ಕಂಡರೆ ಡಾಕ್ಟರಿಗೆ ತೋರಿಸಿ. ಒಂದು ಹೊತ್ತು ಮರೆತರೆ ಮುಂದಿನದಕ್ಕೆ ಎರಡು ಹೊತ್ತಿನದು ಸೇರಿಸಬೇಡಿ. ಮೈಮೇಲೆ ದದ್ದು ಎದ್ದರೆ ಮುಂದಿನ ಹೊತ್ತಿಗೆ ಕೊಡುವ ಮೊದಲು ಡಾಕ್ಟರನ್ನು ಕೇಳಿ. ಮುಖ ಊದಿದರೆ, ಉಸಿರು ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಹೊರಡಿ, ಬಾಟಲಿಯನ್ನೂ ಒಯ್ಯಿರಿ.